ಗಾಲ್ಫ್ ಕ್ರೀಡೆಯ ಇತಿಹಾಸದಲ್ಲಿ ಅಭ್ಯಾಸವೂ ಉಪಕರಣವೂ

೧

ಗಾಲ್ಫ್ ಎಂಬ ಕ್ರೀಡೆಯ ಹೆಸರು ಸ್ಕಾಟ್ಲೆಂಡ್ ದೇಶದ ಶಾಸನಗಳಲ್ಲಿ ಮೊದಲು ಕಾಣಬರುವುದು ಅದನ್ನು ನಿಷೇಧಿಸಿದ ವಿಧಿಯೊಂದರಲ್ಲಿ. ಕ್ರಿ. ಶ. ೧೪೫೭ರಲ್ಲಿ, ಎರಡನೆಯ ಜೇಮ್ಸ್ ರಾಜನು ಆಳುತ್ತಿದ್ದಾಗ, ಆ ದೇಶದ ಪಾರ್ಲಿಮೆಂಟು ಪ್ರಜೆಗಳು ಕಾಲ್ಚೆಂಡಾಟವನ್ನೂ ಗಾಲ್ಫನ್ನೂ ತೊರೆದು ಬಿಲ್ಲುಗಾರಿಕೆಯನ್ನು ಅಭ್ಯಾಸಮಾಡತಕ್ಕದ್ದೆಂದು ಕಟ್ಟಳೆಮಾಡಿತು. ದೇಶರಕ್ಷಣೆಗೆ ಬೇಕಾದ ವಿದ್ಯೆಯು ಆಟದ ಸೊಗಸಿನಲ್ಲಿ ಮರೆತುಹೋದೀತೆಂಬ ಭಯವೇ ಇದಕ್ಕೆ ಕಾರಣ. ಇದೇ ನಿಷೇಧವು ೧೪೭೧ರಲ್ಲಿಯೂ ೧೪೯೧ರಲ್ಲಿಯೂ ಮತ್ತೆ ಹೊರಟಿತು. ಒಂದೇ ವಿಧಿಯನ್ನು ಮೂರು ಸಲ ಹೊರಡಿಸಬೇಕಾಯಿತೆಂಬುದರಿಂದಲೇ ಪ್ರಜೆಗಳು ಅದನ್ನು ಪಾಲಿಸಲಿಲ್ಲವೆಂಬುದು ವಿದಿತವಾಗುತ್ತದೆ.

ಮೂರನೆಯ ವಿಧಿ ಹೊರಟುದು ನಾಲ್ಕನೆಯ ಜೇಮ್ಸನ ಆಳಿಕೆಯಲ್ಲಿ. ಆದರೆ ೧೫೦೨ರಲ್ಲಿ ಅದೇ ರಾಜನು ಪರ್ತ್ ಪಟ್ಟಣದಲ್ಲಿ ಬಿಲ್ಲು ಮಾಡುವ ಕುಶಲಕರ್ಮಿಯೊಬ್ಬನಿಂದ ಗಾಲ್ಫಿನ ಕೋಲುಗಳನ್ನು ಕೊಂಡು, ೧೪ ಷಿಲಿಂಗುಗಳನ್ನು ಸಲ್ಲಿಸಿದ ಸಂಗತಿಯು ಬೊಕ್ಕಸದ ಲೆಕ್ಕದಲ್ಲಿ ಬರೆದಿದೆ. ಯಾವ ಬಿಲ್ಲುಗಾರಿಕೆಗೆ ಈ ಆಟವು ಶತ್ರುವೆಂದು ಶಾಸನವು ಸಾರಿತೋ, ಆ ಬಿಲ್ಲನ್ನು ಬಾಗಿಸಿದ ಕೈಯೇ ಈ ಕೋಲನ್ನೂ ಕೆತ್ತಿತು. ಮರದ ನಾರನ್ನೂ ಬಾಗನ್ನೂ ಬಲ್ಲವನು ಬಿಲ್ಲುಗಾರನಲ್ಲದೆ ಬೇರೆ ಯಾರು?

ಆಟದ ಸ್ವರೂಪವು ಸರಳವಾದುದು. ವಿಶಾಲವಾದ ಹುಲ್ಲುಬಯಲಿನಲ್ಲಿ ದೂರದೂರವಾಗಿ ತೋಡಿದ ಸಣ್ಣ ಕುಳಿಗಳಿಗೆ ಚಿಕ್ಕದಾದ ಗಟ್ಟಿ ಚೆಂಡನ್ನು ಕೋಲಿನಿಂದ ಹೊಡೆದು ಸೇರಿಸಬೇಕು. ಯಾರ ಹೊಡೆತಗಳ ಸಂಖ್ಯೆ ಕಡಿಮೆಯೋ ಅವರಿಗೆ ಗೆಲುವು. ಚೆಂಡು ನಿಶ್ಚಲವಾಗಿದೆ, ಎದುರಾಳಿಯು ಅದನ್ನು ತಡೆಯುವುದಿಲ್ಲ. ಆದುದರಿಂದ ತಪ್ಪಿದ ಹೊಡೆತಕ್ಕೆ ಆಟಗಾರನು ಹೊಣೆಮಾಡಬಹುದಾದುವು ಎರಡೇ: ತನ್ನ ಕೈ, ಇಲ್ಲವೆ ತನ್ನ ಕೋಲು. ಈ ಕ್ರೀಡೆಯಲ್ಲಿ ಸಿದ್ಧಿಗೆ ಕಾರಣವು ಅಭ್ಯಾಸವೋ ಉಪಕರಣವೋ ಎಂಬ ಪ್ರಶ್ನೆಯು ಆ ಕಾರಣದಿಂದಲೇ ಪ್ರತಿಯೊಂದು ತಲೆಮಾರಿನಲ್ಲಿಯೂ ಏಳುತ್ತ ಬಂದಿದೆ. ಇತಿಹಾಸವು ಅದಕ್ಕೆ ಯಾವ ಉತ್ತರವನ್ನು ಕೊಡುತ್ತದೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

೨

ಈ ಆಟವನ್ನು ಉತ್ತಮಪಡಿಸಿಕೊಳ್ಳುವ ಬಗೆಯನ್ನು ಕುರಿತು ದೊರೆತಿರುವ ಅತ್ಯಂತ ಹಳೆಯ ಬರವಣಿಗೆಯು ಎಡಿಂಬರೊ ನಗರದ ಥಾಮಸ್ ಕಿನ್‌ಕೇಡ್ ಎಂಬವನ ದಿನಚರಿಯಲ್ಲಿದೆ. ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡುತ್ತಿದ್ದ ಈತನು ೧೬೮೭ರ ಚಳಿಗಾಲದಲ್ಲಿ ಲೀತ್ ಎಂಬ ಸಮುದ್ರತೀರದ ಬಯಲಿಗೆ ಹೋಗಿ ಆಡಿ ಬಂದು, ತಾನು ಕಂಡುಕೊಂಡ ಅಂಶಗಳನ್ನು ಬರೆದಿಟ್ಟನು. ಕತ್ತಿವರಸೆಯಲ್ಲಿ ನಿಲ್ಲುವಂತೆ ಕಾಲುಗಳನ್ನು ತುಸು ಬಾಗಿಸಿ ನಿಲ್ಲಬೇಕು. ಕಾಲು, ಬೆನ್ನು, ತೋಳುಗಳ ಸ್ನಾಯುಗಳು ಹೊಡೆತದ ನಡುವೆ ಸಡಿಲಬಾರದು. ಚಲನೆಯೆಲ್ಲವೂ ಶರೀರದ ತಿರುಗುವಿಕೆಯಿಂದ ಹುಟ್ಟಬೇಕು. ಇವು ಅವನ ನಿರ್ಣಯಗಳು.

ಇವುಗಳನ್ನು ಗದ್ಯದಲ್ಲಿ ಬರೆದುದರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಎಲ್ಲ ನಿಯಮಗಳನ್ನೂ ಕೆಲವೇ ಪಂಕ್ತಿಗಳ ಪದ್ಯವಾಗಿ ಅಡಕಮಾಡಿದನು. ಶಾಸ್ತ್ರಾರ್ಥವನ್ನು ಕಾರಿಕೆಗಳಲ್ಲಿ ಕಟ್ಟಿ ಕಂಠಸ್ಥಮಾಡುವ ಪದ್ಧತಿಯಲ್ಲಿ ಬೆಳೆದವರಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾದುದಿಲ್ಲ. ಬಯಲಿನಲ್ಲಿ ನಿಂತಾಗ ಪುಸ್ತಕವು ಕೈಯಲ್ಲಿರುವುದಿಲ್ಲ. ಪದ್ಯವು ನಾಲಗೆಯ ಮೇಲಿರುತ್ತದೆ. ಅಭ್ಯಾಸಕ್ಕೆ ಸಹಾಯವಾಗುವ ಸಾಧನಗಳೊಳಗೆ ಈ ಕ್ರೀಡೆಯಲ್ಲಿ ಮೊದಲು ಕಾಣಬರುವುದು ಈ ಪದ್ಯವೇ.

ಆ ಪದ್ಯದ ಎರಡು ಮಾತುಗಳು ಪ್ರಕೃತಕ್ಕೆ ಮುಖ್ಯವಾದುವು. ದಾರಿ ತಿಳಿಯುವವರೆಗೆ ಮೆಲ್ಲಗೆ ಆಡಬೇಕೆಂಬುದು ಒಂದು. ಕೋಲಿನ ಹಿಡಿತವು ಆಡುವವನ ಬಲಕ್ಕೆ ತಕ್ಕಷ್ಟು ಉದ್ದವಾಗಿರಬೇಕು, ತಲೆಯು ಹಗುರವಾದಷ್ಟೂ ಉದ್ದವು ಹೆಚ್ಚಬೇಕೆಂಬುದು ಇನ್ನೊಂದು. ಮೊದಲನೆಯದು ಅಭ್ಯಾಸದ ವಿಷಯ, ಎರಡನೆಯದು ಉಪಕರಣದ ವಿಷಯ. ಕಿನ್‌ಕೇಡನು ಇವೆರಡನ್ನೂ ಒಂದೇ ಪದ್ಯದಲ್ಲಿ ಹೇಳಿದನಲ್ಲದೆ, ಒಂದನ್ನು ಇನ್ನೊಂದಕ್ಕೆ ಬದಲಾಗಿ ಹೇಳಲಿಲ್ಲ. ಯೋಗಶಾಸ್ತ್ರದಲ್ಲಿ ಅಭ್ಯಾಸವು ದೃಢವಾಗಬೇಕಾದರೆ ದೀರ್ಘಕಾಲ, ಎಡೆಬಿಡದೆ, ಆದರಪೂರ್ವಕವಾಗಿ ನಡೆಯಬೇಕೆಂದಿದೆ. ಕಿನ್‌ಕೇಡನ ಮೊದಲ ಮಾತಿನ ತಾತ್ಪರ್ಯವೂ ಇದರಿಂದ ದೂರವಾದುದಲ್ಲ.

೩

ಕಿನ್‌ಕೇಡನ ತರುವಾಯ ಸುಮಾರು ಒಂದೂವರೆ ಶತಮಾನ ಈ ಆಟವನ್ನು ಆಳಿದುದು ಗರಿಯ ಚೆಂಡು. ಅದನ್ನು ಮಾಡುವ ಕ್ರಮವು ಬಹು ಕಷ್ಟವಾದುದು. ಹದಮಾಡಿದ ತೊಗಲಿನ ತುಂಡುಗಳನ್ನು ನೆನೆಯಿಸಿ ಹೊಲಿದು, ಒಳಹೊರಗು ಮಾಡಿ, ಸಣ್ಣ ರಂಧ್ರವೊಂದನ್ನು ಬಿಟ್ಟು, ಕುದಿಸಿ ಮೆತ್ತಗಾದ ಹಕ್ಕಿಯ ಗರಿಗಳನ್ನು ಕಬ್ಬಿಣದ ಸಲಾಕೆಯಿಂದ ಅದರೊಳಕ್ಕೆ ತುರುಕುತ್ತಿದ್ದರು. ಕೈಬಲವು ಸಾಲದೆ ಎದೆಯಿಂದ ಒತ್ತಬೇಕಾಗುತ್ತಿದ್ದಿತು. ಒಣಗಿದಾಗ ತೊಗಲು ಕುಗ್ಗುವುದು, ಗರಿಗಳು ಹಿಗ್ಗುವುವು. ಇವೆರಡರ ಸೆಣಸಿನಿಂದ ಚೆಂಡು ಕಲ್ಲಿನಂತೆ ಗಟ್ಟಿಯಾಗುತ್ತಿದ್ದಿತು. ನುರಿತ ಕೆಲಸಗಾರನಿಗೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಬೆಲೆಯು ಹೆಚ್ಚು, ಮಳೆಯಲ್ಲಿ ನೆನೆದರೆ ಭಾರವಾಗುವುದು, ಕಬ್ಬಿಣದ ತಲೆಯ ಕೋಲು ತಗುಲಿದರೆ ಸೀಳಿಹೋಗುವುದು. ಆದುದರಿಂದ ಆಟಗಾರರು ಹೆಚ್ಚಾಗಿ ಮರದ ಕೋಲುಗಳಿಂದಲೇ ಆಡುತ್ತಿದ್ದರು. ಅವರ ಅಭ್ಯಾಸದ ರೀತಿಯು ಹೀಗೆ ಚೆಂಡಿನ ತೊಗಲಿಗೆ ಅಧೀನವಾಗಿದ್ದಿತು.

೧೮೪೮ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಳಕೆಗೆ ಬಂದಿತು. ಇದು ಮಲಯ ದೇಶದ ಕಾಡುಗಳಲ್ಲಿ ದೊರೆಯುವ ಅಂಟು. ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದರೆ ಗಟ್ಟಿಯಾಗುತ್ತದೆ. ಪೂರ್ವದೇಶದಿಂದ ಸೇಂಟ್ ಆಂಡ್ರೂಸ್ ಪಟ್ಟಣಕ್ಕೆ ಬಂದ ವಿಷ್ಣುವಿಗ್ರಹವೊಂದರ ಸುತ್ತಲೂ ತುಂಬಿದ್ದ ಗಟ್ಟಾಪರ್ಚಾದ ಚೂರುಗಳಿಂದ ಪ್ಯಾಟರ್ಸನ್ ಎಂಬ ಮನೆತನದವನು ಮೊದಲ ಚೆಂಡನ್ನು ಮಾಡಿದನೆಂದು ಐತಿಹ್ಯವುಂಟು. ಐತಿಹ್ಯವನ್ನು ಪ್ರಮಾಣವೆಂದು ಎಣಿಸುವಂತಿಲ್ಲ. ಚೆಂಡು ಅಗ್ಗವಾಯಿತು, ಬಡವನಿಗೂ ಎಟುಕಿತು ಎಂಬುದಂತೂ ನಿಶ್ಚಯ.

ಭಾರತದಲ್ಲಿ ಈ ಕ್ರೀಡೆಯ ಸಂಘಗಳ ಕಾಲನಿರ್ಣಯಕ್ಕೂ ಈ ಚೆಂಡಿನ ಇತಿಹಾಸಕ್ಕೂ ಸಂಬಂಧವಿದೆ. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು ಸ್ಥಾಪಿತವಾದುದು ೧೮೨೯ರಲ್ಲಿ. ಬ್ರಿಟಿಷ್ ದ್ವೀಪಗಳ ಹೊರಗಿನ ಇಂತಹ ಕ್ಲಬ್ಬುಗಳೊಳಗೆ ಅದು ಅತ್ಯಂತ ಪ್ರಾಚೀನವಾದುದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದುದು ೧೮೭೬ರಲ್ಲಿ. ಆದುದರಿಂದ ಕಲ್ಕತ್ತೆಯ ಮೊದಲ ಆಟಗಾರರದು ಗರಿಚೆಂಡಿನ ಕಾಲವೆಂದೂ, ಬೆಂಗಳೂರಿನವರದು ಗಟ್ಟಾಪರ್ಚಾದ ಕಾಲವೆಂದೂ ತಿಳಿಯಬಹುದು.

೪

ಹೊಸ ಚೆಂಡಿನಿಂದ ಯಾರ ಜೀವನಕ್ಕೆ ಪೆಟ್ಟುಬಿದ್ದಿತೆಂಬುದನ್ನು ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ನನ ಚರಿತ್ರೆಯು ತಿಳಿಸುತ್ತದೆ. ಇವನು ತನ್ನ ಕಾಲದ ಆಟಗಾರರೊಳಗೆ ಅಗ್ರಗಣ್ಯನು. ಗರಿಚೆಂಡು ಮಾಡುವುದೇ ಅವನ ಕಸುಬು. ೧೮೪೪ರಲ್ಲಿ ಅವನ ಅಂಗಡಿಯಲ್ಲಿ ತಯಾರಾದ ಚೆಂಡುಗಳು ೨,೪೫೬. ಗಟ್ಟಾಪರ್ಚಾ ಬಂದಾಗ ಅವನಿಗೆ ಆದ ಕಳವಳವನ್ನು ಕೇವಲ ಹಟವೆನ್ನಲಾಗದು. ಕುಳಿತು ಎದೆಯೊಡ್ಡಿ ಗರಿ ತುಂಬಿ ಕಲಿತ ವಿದ್ಯೆಯು, ಯಾವನಾದರೂ ಬಿಸಿನೀರಿನಲ್ಲಿ ಉರುಟಿ ಮಾಡಬಹುದಾದ ವಸ್ತುವಿನ ಮುಂದೆ ಬೆಲೆಗೆಡುವುದಾದರೆ, ಆ ವಿದ್ಯೆಯಿಂದ ಬದುಕುವವನು ಮಾಡತಕ್ಕುದೇನು? ಹೊಸ ಚೆಂಡಿನಿಂದ ತಾನು ಆಡುವುದಿಲ್ಲವೆಂದು ರಾಬರ್ಟ್‌ಸನ್ನನು ಹೇಳಿದುದಲ್ಲದೆ, ತನ್ನಲ್ಲಿ ಕೆಲಸಮಾಡುತ್ತಿದ್ದ ಟಾಮ್ ಮಾರಿಸನಿಂದಲೂ ಹಾಗೆಯೇ ಮಾತು ತೆಗೆದುಕೊಂಡನು.

ಒಂದು ದಿನ ಆಟದ ನಡುವೆ ಮಾರಿಸನ ಗರಿಚೆಂಡುಗಳು ಮುಗಿದುಹೋದುವು. ಜೊತೆಯವನಿಂದ ಗಟ್ಟಾಪರ್ಚಾದ ಚೆಂಡೊಂದನ್ನು ಪಡೆದು ಆಟವನ್ನು ಮುಂದುವರಿಸಿದನು. ಸುದ್ದಿಯು ರಾಬರ್ಟ್‌ಸನ್ನನಿಗೆ ಮುಟ್ಟಿತು. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಮಾರಿಸನು ತನ್ನದೇ ಅಂಗಡಿಯನ್ನು ತೆರೆದು, ೧೮೫೧ರಲ್ಲಿ ಪ್ರೆಸ್ಟ್‌ವಿಕ್ ಎಂಬಲ್ಲಿಗೆ ಆಟದ ಬಯಲಿನ ಪಾಲಕನಾಗಿ ತೆರಳಿದನು. ಮುಂದೆ ಪ್ರಸಿದ್ಧವಾದ ಬಹಿರಂಗ ಸ್ಪರ್ಧೆಯು ೧೮೬೦ರಲ್ಲಿ ಆರಂಭವಾದುದು ಆ ಬಯಲಿನಲ್ಲಿಯೇ.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಕಾಲಕ್ರಮದಲ್ಲಿ ರಾಬರ್ಟ್‌ಸನ್ನನೂ ಹೊಸ ಚೆಂಡನ್ನು ಒಪ್ಪಿ, ತಾನೇ ಮಾಡಿ ಮಾರತೊಡಗಿದನು. ಗಟ್ಟಾಪರ್ಚಾದ ಚೆಂಡು ಕಬ್ಬಿಣದ ಪೆಟ್ಟಿಗೆ ಸೀಳುವುದಿಲ್ಲವೆಂಬುದನ್ನು ಅರಿತು, ಕುಳಿಯ ಸಮೀಪಕ್ಕೆ ಚೆಂಡನ್ನು ತರುವ ಹೊಡೆತಗಳಲ್ಲಿ ಕಬ್ಬಿಣದ ಕೋಲನ್ನು ಬಳಸಿ ಹೊಸ ಕೌಶಲವನ್ನು ರೂಢಿಮಾಡಿದವರಲ್ಲಿ ಅವನೇ ಮುಂದಾಳಾದನು. ೧೮೫೮ರಲ್ಲಿ ಸೇಂಟ್ ಆಂಡ್ರೂಸಿನ ಹಳೆಯ ಬಯಲನ್ನು ೭೯ ಹೊಡೆತಗಳಲ್ಲಿ ಮುಗಿಸಿದನು. ಅಲ್ಲಿ ೮೦ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಆಡಿದವರಲ್ಲಿ ಅವನೇ ಮೊದಲಿಗನು. ಮರುವರ್ಷವೇ ಕಾಲವಾದನು. ಯಾವ ಉಪಕರಣವು ತನ್ನ ವಿದ್ಯೆಯನ್ನು ಹಾಳುಮಾಡುವುದೆಂದು ಅವನು ಭಾವಿಸಿದನೋ, ಅವನ ಅತ್ಯುತ್ತಮ ಸಿದ್ಧಿಯು ಅದೇ ಉಪಕರಣದ ಯುಗದಲ್ಲಿ ಲಭಿಸಿತು. ಹಾಳಾದುದು ಗರಿ ತುಂಬುವ ಕಸುಬು, ಹೊಡೆಯುವ ವಿದ್ಯೆಯಲ್ಲ. ಈ ವ್ಯತ್ಯಾಸವನ್ನು ಮರೆತರೆ ಇತಿಹಾಸವು ಅರ್ಥವಾಗುವುದಿಲ್ಲ.

೫

ಗಟ್ಟಾಪರ್ಚಾದ ಚೆಂಡಿನಲ್ಲಿಯೂ ಒಂದು ದೋಷವಿದ್ದಿತು. ನುಣುಪಾದ ಹೊಸ ಚೆಂಡು ಹಾರುವಾಗ ನಡುವೆಯೇ ಕುಸಿಯುತ್ತಿದ್ದಿತು. ಪೆಟ್ಟುತಿಂದು ಗೀರುಬಿದ್ದ ಹಳೆಯ ಚೆಂಡು ಚೆನ್ನಾಗಿ ಹಾರುತ್ತಿದ್ದಿತು. ಇದನ್ನು ಆಡುವವರು ಮೊದಲು ಅನುಭವದಿಂದ ಕಂಡುಕೊಂಡರು. ಬಳಿಕ ಚೆಂಡುಗಳನ್ನು ಸುತ್ತಿಗೆಯಿಂದ ತಟ್ಟಿಯೇ ಮಾರುವ ಪದ್ಧತಿ ಬಂದಿತು. ಎಡಿಂಬರೊ ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞರಾದ ಪ್ರೊಫೆಸರ್ ಪಿ. ಜಿ. ಟೇಟ್ ಅವರು ೧೮೯೦ರ ದಶಕದಲ್ಲಿ, ಚೆಂಡು ಹಿಮ್ಮುಖವಾಗಿ ತಿರುಗುತ್ತ ಹಾರುವುದರಿಂದಲೇ ಗಾಳಿಯಲ್ಲಿ ಎತ್ತಲ್ಪಟ್ಟು ದೂರಹೋಗುವುದೆಂದು ಪ್ರತಿಪಾದಿಸಿದರು. ಅವರ ಮಗನಾದ ಫ್ರೆಡಿ ಟೇಟನು ೧೮೯೬ ಮತ್ತು ೧೮೯೮ರಲ್ಲಿ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದನು. ಒಂದೇ ಮನೆಯಲ್ಲಿ ಶಾಸ್ತ್ರವು ತಂದೆಯಲ್ಲಿಯೂ ಪ್ರಯೋಗವು ಮಗನಲ್ಲಿಯೂ ನೆಲಸಿದ್ದುವು.

೧೮೯೮ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ಎಂಬವನು ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿ ಮಾಡುವ ಚೆಂಡನ್ನು ಕಲ್ಪಿಸಿದನು. ೧೯೦೨ರ ಬಹಿರಂಗ ಸ್ಪರ್ಧೆಯಲ್ಲಿ ಸ್ಯಾಂಡಿ ಹರ್ಡನು ಇದರಿಂದ ಆಡಿ, ಹ್ಯಾರಿ ವಾರ್ಡನ್ ಮತ್ತು ಜೇಮ್ಸ್ ಬ್ರೇಡ್ ಎಂಬ ಮಹಾ ಆಟಗಾರರನ್ನು ಒಂದೇ ಹೊಡೆತದ ಅಂತರದಿಂದ ಸೋಲಿಸಿದನು. ಉಪಕರಣವೇ ಪ್ರಧಾನವೆನ್ನುವವರಿಗೆ ಇದಕ್ಕಿಂತ ಬಲವಾದ ನಿದರ್ಶನವಿಲ್ಲ. ಆದರೆ ಅದೇ ವಾರ್ಡನನು, ಎಲ್ಲರ ಕೈಯಲ್ಲಿಯೂ ರಬ್ಬರಿನ ಚೆಂಡು ಬಂದಮೇಲೆ, ೧೯೦೩, ೧೯೧೧ ಮತ್ತು ೧೯೧೪ರಲ್ಲಿ ಗೆದ್ದು, ಒಟ್ಟು ಆರು ಸಲ ಆ ಪದವಿಯನ್ನು ಪಡೆದನು. ಉಪಕರಣದ ಮೇಲ್ಮೆಯು ಅದು ಕೆಲವರಲ್ಲಿ ಮಾತ್ರ ಇರುವ ತನಕ. ಎಲ್ಲರಲ್ಲಿಯೂ ಸಮನಾದಮೇಲೆ ಉಳಿಯುವುದು ಅಭ್ಯಾಸದ ತಾರತಮ್ಯವೇ.

ಹಿಕರಿ ಮರದ ಹಿಡಿಗಳಿಗೆ ಬದಲಾಗಿ ಉಕ್ಕಿನ ಹಿಡಿಗಳು ಬಂದುವು. ಬ್ರಿಟನ್ನಿನ ನಿಯಮಗಳು ೧೯೨೯ರಲ್ಲಿ ಇವನ್ನು ಅಂಗೀಕರಿಸಿದುವು. ಒಂದೇ ಕೋಲಿನಿಂದ ಬಗೆಬಗೆಯ ಹೊಡೆತಗಳನ್ನು ಹೊಡೆಯುವುದಕ್ಕೆ ಬದಲಾಗಿ, ಒಂದೊಂದು ಹೊಡೆತಕ್ಕೆ ಒಂದೊಂದು ಕೋಲೆಂದು ಆಟಗಾರರು ಇಪ್ಪತ್ತಕ್ಕೂ ಮಿಕ್ಕ ಕೋಲುಗಳನ್ನು ಹೊರಿಸಿಕೊಂಡು ಬರತೊಡಗಿದರು. ಕೈಯ ಕೌಶಲವನ್ನು ಚೀಲವು ನುಂಗುತ್ತಿದೆಯೆಂಬ ಆಕ್ಷೇಪವು ಎದ್ದು, ಅಮೆರಿಕದಲ್ಲಿ ೧೯೩೮ರಲ್ಲಿಯೂ ಬ್ರಿಟನ್ನಿನಲ್ಲಿ ೧೯೩೯ರಲ್ಲಿಯೂ ಹದಿನಾಲ್ಕು ಕೋಲುಗಳ ಮಿತಿಯು ವಿಧಿಸಲ್ಪಟ್ಟಿತು.

೬

ಇನ್ನು ಅಭ್ಯಾಸದ ಸಹಾಯಕ ಸಾಧನಗಳ ವಿಷಯ. ದಿಕ್ಕನ್ನು ಸರಿಯಾಗಿ ಹಿಡಿಯಲು ನೆಲದ ಮೇಲೆ ಇಡುವ ಕಡ್ಡಿ, ತೋಳಿಗೆ ಬಲ ಬರಲೆಂದು ಕೋಲಿಗೆ ತೊಡಿಸುವ ಭಾರವಾದ ಬಳೆ ಮೊದಲಾದುವು ಇಂದು ಸರ್ವತ್ರ ಬಳಕೆಯಲ್ಲಿವೆ. ೨೦೧೯ರಲ್ಲಿ ಪರಿಷ್ಕೃತವಾದ ನಿಯಮಗಳ ಪ್ರಕಾರ, ಸ್ಪರ್ಧೆಯ ಆಟವು ನಡೆಯುತ್ತಿರುವಾಗ ಇವುಗಳನ್ನು ಬಳಸಕೂಡದು. ಕಲಿಯುವಾಗ ಅನುಮತ, ಆಡುವಾಗ ನಿಷಿದ್ಧ ಎಂಬ ಈ ವಿಭಾಗವು ಬಹು ಯುಕ್ತವಾದುದು. ಮಹಾಭಾರತದ ಆದಿಪರ್ವದಲ್ಲಿ ದ್ರೋಣನು ಶಿಲ್ಪಿಗಳಿಂದ ಕೃತ್ರಿಮ ಪಕ್ಷಿಯನ್ನು ಮಾಡಿಸಿ ಮರದ ತುದಿಯಲ್ಲಿಡಿಸಿ ಶಿಷ್ಯರನ್ನು ಪರೀಕ್ಷಿಸಿದನು. ಆ ಪಕ್ಷಿಯು ಕುರುಕ್ಷೇತ್ರಕ್ಕೆ ಬರಲಿಲ್ಲ. ಅದನ್ನು ನೋಡಿ ಸ್ಥಿರವಾದ ಅರ್ಜುನನ ದೃಷ್ಟಿಯು ಬಂದಿತು. ಅದೇ ಪರ್ವದಲ್ಲಿ, ದೀಪವಾರಿದ ಕತ್ತಲೆಯಲ್ಲಿಯೂ ಊಟದ ಕೈ ಬಾಯಿಗೆ ತಪ್ಪದೆ ಹೋಗುವುದನ್ನು ಕಂಡು, ಅರ್ಜುನನು ಇರುಳಿನಲ್ಲಿ ಬಾಣಪ್ರಯೋಗವನ್ನು ಅಭ್ಯಾಸಮಾಡಿದ ಸಂಗತಿಯಿದೆ. ಉಪಕರಣವನ್ನು ನೋಡದೆಯೂ ಕೈ ತಾನಾಗಿ ನಡೆಯುವ ಸ್ಥಿತಿಯೇ ಅಭ್ಯಾಸದ ಫಲ.

ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಬೆನ್ ಹೋಗನನು ಸಾಕ್ಷಿ. ಚೆಂಡು ಎಡಕ್ಕೆ ಬಾಗಿಹೋಗುವ ದೋಷದಿಂದ ಬಹುಕಾಲ ಬಳಲಿದ ಈತನು, ದಿನವೂ ಲೆಕ್ಕವಿಲ್ಲದಷ್ಟು ಹೊಡೆತಗಳನ್ನು ಅಭ್ಯಾಸಮಾಡಿ ಅದನ್ನು ತಿದ್ದಿಕೊಂಡನು. ೧೯೪೯ರಲ್ಲಿ ಮೋಟಾರು ಅಪಘಾತದಿಂದ ಅವನ ಶರೀರವು ಜರ್ಜರಿತವಾಯಿತು. ಆದರೂ ೧೯೫೦ರಲ್ಲಿ ಅಮೆರಿಕದ ಬಹಿರಂಗ ಸ್ಪರ್ಧೆಯನ್ನು ಗೆದ್ದನು.

ಅವನ ಸಮಕಾಲೀನನಾದ ಬೈರನ್ ನೆಲ್ಸನ್ನನ ಉದಾಹರಣೆಯು ಇನ್ನೂ ಬೋಧಕವಾಗಿದೆ. ಮರದ ಹಿಡಿಯಿಂದ ಕಲಿತು, ಉಕ್ಕಿನ ಹಿಡಿಗೆ ತಕ್ಕಂತೆ ತನ್ನ ಹೊಡೆತವನ್ನು ಹೊಸದಾಗಿ ರೂಪಿಸಿಕೊಂಡ ಈತನು ೧೯೪೫ರಲ್ಲಿ ಸತತವಾಗಿ ಹನ್ನೊಂದು ಸ್ಪರ್ಧೆಗಳನ್ನು ಗೆದ್ದನು. ಮುಂದೆ ಚೆಂಡುಗಳನ್ನೂ ಕೋಲುಗಳನ್ನೂ ಪರೀಕ್ಷಿಸಲು ತಪ್ಪದೆ ಒಂದೇ ರೀತಿಯಾಗಿ ಹೊಡೆಯುವ ಯಂತ್ರವೊಂದು ಬೇಕಾದಾಗ, ಯಂತ್ರಶಿಲ್ಪಿಗಳು ಮಾದರಿಯಾಗಿ ಆರಿಸಿಕೊಂಡುದು ನೆಲ್ಸನ್ನನ ಹೊಡೆತವನ್ನು. ಆ ಯಂತ್ರಕ್ಕೆ ‘ಐರನ್ ಬೈರನ್’ ಎಂದು ಅವನ ಹೆಸರೇ ನಿಂತಿತು.

ಉಪಕರಣವು ಹೊಸದಾದಾಗ ಮನುಷ್ಯನು ತನ್ನ ಅಭ್ಯಾಸವನ್ನು ಬದಲಿಸಿಕೊಂಡನು. ಆ ಅಭ್ಯಾಸವು ಪಕ್ವವಾದಾಗ ಉಪಕರಣಗಳ ಗುಣದೋಷಗಳನ್ನು ಅಳೆಯುವ ಯಂತ್ರಕ್ಕೆ ಅದೇ ಮಾದರಿಯಾಯಿತು. ಕಿನ್‌ಕೇಡನು ೧೬೮೭ರಲ್ಲಿ ಒಂದೇ ಪದ್ಯದಲ್ಲಿ ಕಟ್ಟಿದ ಎರಡು ಮಾತುಗಳು ಇಂದಿಗೂ ಬೇರೆಯಾಗಿಲ್ಲ. ಕೋಲು ಬಲಕ್ಕೆ ತಕ್ಕುದಾಗಿರಬೇಕು. ಆದರೆ ದಾರಿ ತಿಳಿಯುವವರೆಗೆ ಮೆಲ್ಲಗೆ ಆಡುವ ಕೆಲಸವನ್ನು ಯಾವ ಕೋಲೂ ಆಟಗಾರನಿಗೆ ಬದಲಾಗಿ ಮಾಡಿಕೊಡಲಾರದು.