ಮೀರಜದ ಪೆಟ್ರೋಲು ಮತ್ತು ಆಕ್ಟೇನಿನ ಕಥೆ

ಮೀರಜ ಎಂದರೆ ಸಿತಾರ, ತಂಬೂರಿ, ದವಾಖಾನೆ, ರೈಲು ಜಂಕ್ಷನ್. ಇಷ್ಟು ಎಲ್ಲರಿಗೂ ಗೊತ್ತು. ಭಾರತದ ಪೆಟ್ರೋಲಿನ ಇತಿಹಾಸದಲ್ಲಿಯೂ ಈ ಊರಿನ ಹೆಸರಿದೆ ಎಂಬುದು ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ. ಪೆಟ್ರೋಲಿಗೆ ಶೇ. 5 ಎಥೆನಾಲ್ ಬೆರೆಸಿ ಮಾರುವ ಪ್ರಯೋಗವನ್ನು ಸರಕಾರ 2001ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಎರಡು ಕಡೆ ಶುರು ಮಾಡಿತು. ಒಂದು ಮನಮಾಡ, ಇನ್ನೊಂದು ನಮ್ಮ ಮೀರಜ. ಜೂನ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಸೇರಿತು. ಎಥೆನಾಲ್ ಎಂದರೆ ಮದ್ಯಸಾರವೇ. ಸಕ್ಕರೆ ಕಾರಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಅದನ್ನು ತೆಗೆಯುತ್ತಾರೆ. ಕಬ್ಬಿನ ಸೀಮೆಯಾದ ಸಾಂಗಲಿ ಜಿಲ್ಲೆಗೆ ಅದೇನು ಹೊಸದಲ್ಲ.

ಪೆಟ್ರೋಲಿಗೂ ಮದ್ಯಸಾರಕ್ಕೂ ಏನು ಸಂಬಂಧ? ಇಲ್ಲಿ ಆಕ್ಟೇನ್ ಬರುತ್ತದೆ. ಇಂಜಿನ್ನಿನೊಳಗೆ ಪೆಟ್ರೋಲಿನ ಆವಿ ಮತ್ತು ಗಾಳಿಯನ್ನು ಪಿಸ್ಟನ್ ಒತ್ತುತ್ತದೆ, ಆಮೇಲೆ ಪ್ಲಗ್ ಕಿಡಿ ಹಾರಿಸುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಇಂಧನ ತಾನಾಗಿ ಹೊತ್ತಿಕೊಂಡರೆ ಟಕಟಕ ಶಬ್ದ ಬರುತ್ತದೆ. ಮೆಕ್ಯಾನಿಕ್‌ಗಳು ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಹೀಗೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ. ಈ ಬಡಿತವನ್ನು ತಡೆಯುವ ಗುಣಕ್ಕೆ ಅಮೆರಿಕದ ಗ್ರಹಾಮ್ ಎಡ್ಗರ್ 1920ರ ದಶಕದಲ್ಲಿ ಒಂದು ಅಳತೆ ಕೊಟ್ಟರು: ಐಸೋಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0. 91 ಆಕ್ಟೇನ್ ಪೆಟ್ರೋಲು ಎಂದರೆ 91 ಪಾಲು ಐಸೋಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಹಾಗೆ ಬಡಿತ ತಡೆಯುವಂಥದ್ದು. ಅಂದರೆ ಇದು ತಾಳಿಕೆಯ ಅಂಕಿ, ಶಕ್ತಿಯ ಅಂಕಿ ಅಲ್ಲ.

ಬಡಿತ ನಿಲ್ಲಿಸಲು ಮೊದಲು ಸಿಕ್ಕ ಸುಲಭ ದಾರಿ ಬಹಳ ಕೆಟ್ಟದ್ದು. 1921ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ ಸೀಸದ ಒಂದು ಸಂಯುಕ್ತವನ್ನು ತುಸುವೇ ಬೆರೆಸಿದರೆ ಸಾಕು ಎಂದು ಕಂಡುಹಿಡಿದರು. ಮದ್ಯಸಾರವೂ ಬಡಿತ ತಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಭಟ್ಟಿ ಇಳಿಸಬಹುದು, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ! ಕಂಪನಿ ತನ್ನ ಸರಕಿಗೆ 'ಇಥೈಲ್' ಎಂದು ಹೆಸರಿಟ್ಟಿತು, ಸೀಸ ಎಂಬ ಮಾತೇ ಅದರಲ್ಲಿರಲಿಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕೆಲಸಗಾರರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಆ ಪೆಟ್ರೋಲು ಜಗತ್ತಿನಾದ್ಯಂತ ಹರಡಿತು. ಹೊಗೆಯಲ್ಲಿನ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂತು, 2000ದ ಫೆಬ್ರವರಿ 1ರಿಂದ ಇಡೀ ದೇಶಕ್ಕೆ. ಎಲ್ಲರಿಗಿಂತ ಕೊನೆಗೆ ಬಿಟ್ಟದ್ದು ಅಲ್ಜೀರಿಯ, 2021ರಲ್ಲಿ.

ಸೀಸ ಹೋದ ಮರುವರ್ಷವೇ ಮೀರಜದ ಪ್ರಯೋಗ. ಆಕ್ಟೇನಿಗಾಗಿಯೇ ಅದನ್ನು ಮಾಡಿದರು ಎನ್ನಲಾಗದು. ವಿದೇಶಿ ತೈಲದ ಖರ್ಚು ಉಳಿಸುವುದು, ಕಬ್ಬಿಗೆ ಬೆಲೆ ಸಿಗುವಂತೆ ಮಾಡುವುದು ಮುಖ್ಯ ಉದ್ದೇಶವಾಗಿತ್ತು. 2003ರ ಜನವರಿಯಿಂದ ಒಂಬತ್ತು ರಾಜ್ಯಗಳಿಗೆ ಶೇ. 5ರ ನಿಯಮ ಬಂತು. ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಗಡಿಯ ಆಚೆ ಈಚೆ ಪೆಟ್ರೋಲಾದರೂ ಒಂದೇ ಆಯಿತಲ್ಲ! ಕಬ್ಬಿನ ಬೆಳೆ ಕೈಕೊಟ್ಟಾಗ ಯೋಜನೆ ಕುಂಟಿತು, ಮತ್ತೆ ಎದ್ದಿತು. ಶೇ. 20ರ ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ 2025ರ ಹೊತ್ತಿಗೆ ದೇಶದ ಎಲ್ಲೆಡೆ ಬಂತು. ಈಗ ಇದಕ್ಕೆ ಕಾಕಂಬಿಯಲ್ಲದೆ ಕಬ್ಬಿನ ಹಾಲು, ಅಕ್ಕಿ, ಗೋವಿನಜೋಳವೂ ಬೇಕಾಗುತ್ತವೆ. ಮ್ಹೈಸಾಳ ಯೋಜನೆಯ ಕೃಷ್ಣೆಯ ನೀರಿಗಾಗಿ ಕಾಯುವ ಮೀರಜದ ಪೂರ್ವ ಭಾಗದ ನಮಗೆ, ಕಬ್ಬು ಎಷ್ಟು ನೀರು ಕುಡಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಎಥೆನಾಲ್‌ನ ಆಕ್ಟೇನ್ 100ಕ್ಕೂ ಮೇಲು. ಆದರೆ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇರುತ್ತದೆ. ಅದಕ್ಕೇ ಮೈಲೇಜ್ ಸ್ವಲ್ಪ ಇಳಿಯುತ್ತದೆ.

"ಸರ್, ತುಟ್ಟಿ ಪೆಟ್ರೋಲ್ ಹಾಕಿಸಿದರೆ ಅಪ್ಪನ ಗಾಡಿ ಜೋರಾಗಿ ಓಡುತ್ತದಾ?" ಎಂದು ಮಕ್ಕಳು ಕೇಳುತ್ತಾರೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ 91 ಎಂದಿದ್ದರೆ 91 ಸಾಕು, ಹೆಚ್ಚಿನ ಆಕ್ಟೇನಿಗೆ ಕೊಟ್ಟ ಹಣ ವ್ಯರ್ಥ. 95 ಎಂದಿದ್ದರೆ ಅದನ್ನೇ ಹಾಕಿಸಬೇಕು. ಟರ್ಬೋ ಇಂಜಿನ್, ಹೆಚ್ಚು ಒತ್ತಡದ ಇಂಜಿನ್‌ಗಳಿಗೆ ಅದು ಬೇಕಾಗಬಹುದು. ಹಳೆಯ ಸ್ಕೂಟರ್, ಕಾರು ಇದ್ದವರು ಪೆಟ್ರೋಲಿನ ರಬ್ಬರ್ ಪೈಪು, ವಾಷರ್‌ಗಳನ್ನು ಸರ್ವಿಸಿಂಗ್ ವೇಳೆ ನೋಡಿಸಿಕೊಳ್ಳಿ. ಎಥೆನಾಲ್ ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ.