ಸಮುದ್ರದ ತಳದಲ್ಲಿ ಉಳಿದ ಗ್ರೀಕರ ಯಂತ್ರ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಕೊಡಿ ಎಂದು ಸಮಿತಿಯವರು ಕೇಳಿದರು. ಊರಿನ ಇತಿಹಾಸ ಬರೆಯಲು ನನಗಿಂತ ಬಲ್ಲವರಿದ್ದಾರೆ. ಮೇಷ್ಟ್ರಾಗಿದ್ದಾಗ ತರಗತಿಯಲ್ಲಿ ನಾನು ಇಷ್ಟಪಟ್ಟು ಹೇಳುತ್ತಿದ್ದ ವಿಷಯವೊಂದನ್ನು ಇಲ್ಲಿ ಬರೆಯುತ್ತೇನೆ.

ಪ್ರಾಚೀನ ಗ್ರೀಕರೆಂದರೆ ಪೈಥಾಗೊರಸ್, ಅರಿಸ್ಟಾಟಲ್, ಆರ್ಕಿಮಿಡೀಸ್ ಎಂದು ಹೆಸರುಗಳನ್ನು ಬಾಯಿಪಾಠ ಮಾಡುತ್ತೇವೆ. ಅವರು ಚಿಂತಕರು, ಕೈಕೆಲಸವನ್ನು ಕೀಳೆಂದು ಕಂಡವರು ಎಂಬ ಮಾತೂ ಇದೆ. ಅದಕ್ಕೆ ಆಧಾರವಿಲ್ಲದಿಲ್ಲ. ಯಂತ್ರ ಕಟ್ಟುವುದು ಹೀನವೆಂದು ತಿಳಿದು ಆರ್ಕಿಮಿಡೀಸ್ ಅದರ ಬಗ್ಗೆ ಬರೆದಿಡಲಿಲ್ಲವೆಂದು ಪ್ಲುಟಾರ್ಕ್ ಹೇಳುತ್ತಾನೆ. ಆದರೆ ಬರೆದಿದ್ದನ್ನಷ್ಟೇ ನೋಡಿದರೆ ಆ ಕಾಲದ ಅರ್ಧ ವಿದ್ಯೆ ನಮಗೆ ಕಾಣುವುದೇ ಇಲ್ಲ.

1900ರಲ್ಲಿ ಸ್ಪಂಜು ತೆಗೆಯುವ ಮುಳುಗುಗಾರರಿಗೆ ಗ್ರೀಸಿನ ಆಂಟಿಕೈಥೆರಾ ದ್ವೀಪದ ಬಳಿ, ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಮುಳುಗಿದ ಹಡಗೊಂದು ಸಿಕ್ಕಿತು. ಅದರಿಂದ ಎತ್ತಿದ ವಿಗ್ರಹಗಳ ಮೇಲೇ ಎಲ್ಲರ ಕಣ್ಣು. ಜೊತೆಗೆ ಬಂದಿದ್ದ ಕಿಲುಬು ಹಿಡಿದ ಕಂಚಿನ ಗಟ್ಟಿಯಲ್ಲಿ ಹಲ್ಲಿನ ಚಕ್ರವಿದೆ ಎಂಬುದು ಗೊತ್ತಾಗಿದ್ದು 1902ರಲ್ಲಿ, ವಲೇರಿಯೋಸ್ ಸ್ಟಾಯಿಸ್ ಎಂಬ ಪುರಾತತ್ವಜ್ಞರಿಂದ. ಒಳಗಿನದು ಸ್ಪಷ್ಟವಾಗಲು 2005ರ ಎಕ್ಸ್‌ರೇ ಸ್ಕ್ಯಾನ್‌ವರೆಗೆ ಕಾಯಬೇಕಾಯಿತು.

ಉಳಿದಿರುವ ಚಕ್ರಗಳು 30. ಒಂದರಲ್ಲಿ 223 ಹಲ್ಲುಗಳಿದ್ದವೆಂದು ಲೆಕ್ಕ ಹಾಕಿದ್ದಾರೆ. 223 ಯಾಕೆ? ಅಷ್ಟು ಚಾಂದ್ರಮಾಸ, ಎಂದರೆ 18 ವರ್ಷ 11 ದಿನ ಕಳೆದರೆ ಗ್ರಹಣಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಮರಳುತ್ತವೆ. ಇದನ್ನು ಮೊದಲು ಕಂಡುಕೊಂಡವರು ಬಾಬಿಲೋನಿನವರು. ಗ್ರೀಕರು ಅದನ್ನು ಕಂಚಿಗೆ ಇಳಿಸಿದರು. ಇನ್ನೊಂದು ಮುಳ್ಳು 19 ವರ್ಷಕ್ಕೆ 235 ತಿಂಗಳು ತೋರಿಸುತ್ತಿತ್ತು. ಹನ್ನೆರಡರಂತೆ 228, ಮೇಲೆ ಏಳು. ಅಧಿಕ ಮಾಸದ ಲೆಕ್ಕ ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಹೆಚ್ಚು ಬೆರಗು ತರಿಸುವುದು ಚಂದ್ರನ ಚಕ್ರ. ಆಕಾಶದಲ್ಲಿ ಚಂದ್ರ ಒಮ್ಮೆ ಬೇಗ, ಒಮ್ಮೆ ನಿಧಾನ ಸಾಗುತ್ತಾನೆ. ಇದನ್ನು ತೋರಿಸಲು ಒಂದು ಚಕ್ರಕ್ಕೆ ಮೊಳೆ ಇಟ್ಟು, ಅದರ ಮೇಲಿನ ಚಕ್ರದ ಸೀಳಿನಲ್ಲಿ ಆ ಮೊಳೆ ಜಾರುವಂತೆ ಮಾಡಿದ್ದಾರೆ. ಎರಡರ ನಡುಬಿಂದು ಒಂದೇ ಕಡೆ ಇಲ್ಲ. ಹಾಗಾಗಿ ಮೇಲಿನ ಚಕ್ರದ ವೇಗ ಏರಿಳಿಯುತ್ತದೆ. ಗಣಿತ ಬಲ್ಲವನೂ ಅರ ಹಿಡಿಯಬಲ್ಲವನೂ ಒಂದೇ ಕಡೆ ಕೂತಿರದಿದ್ದರೆ ಇದು ಸಾಧ್ಯವಿರಲಿಲ್ಲ.

ಹಾಗಾದರೆ ಇಂಥದ್ದು ಒಂದೇ ಏಕೆ ಸಿಕ್ಕಿದೆ? ಸೂರ್ಯ, ಚಂದ್ರ, ಐದು ಗ್ರಹಗಳ ಚಲನೆ ತೋರಿಸುವ ಗೋಳವನ್ನು ಆರ್ಕಿಮಿಡೀಸ್ ಮಾಡಿದ್ದನೆಂದು ರೋಮಿನ ಸಿಸೆರೋ ಬರೆದಿದ್ದಾನೆ. ಅದು ಉಳಿದಿಲ್ಲ. ಕಂಚು ಬೆಲೆಯುಳ್ಳ ಲೋಹ. ಕೆಟ್ಟ ಯಂತ್ರವನ್ನು ಕರಗಿಸಿ ಪಾತ್ರೆಯನ್ನೋ ನಾಣ್ಯವನ್ನೋ ಮಾಡಿಕೊಳ್ಳುತ್ತಿದ್ದರು. ಹಡಗು ಮುಳುಗಿದ್ದರಿಂದ ಇದೊಂದು ಕುಲುಮೆಗೆ ಬೀಳಲಿಲ್ಲ. ಇಷ್ಟು ಜಟಿಲವಾದ ಚಕ್ರಗಳ ಜೋಡಣೆ ಯುರೋಪಿನಲ್ಲಿ ಮತ್ತೆ ಕಾಣುವುದು 14ನೇ ಶತಮಾನದ ಗಡಿಯಾರಗಳಲ್ಲಿ.

ಯಂತ್ರದ ಫಲಕಗಳ ಮೇಲೆ ಸಣ್ಣ ಅಕ್ಷರದ ಬರಹವಿದೆ. ತಿಂಗಳ ಹೆಸರುಗಳಿವೆ, ಗ್ರಹಣದ ಸೂಚನೆಗಳಿವೆ, ಒಲಿಂಪಿಕ್ ಕ್ರೀಡೆಯ ವರ್ಷವೂ ಇದೆ. ಮಾಡಿದವನ ಹೆಸರು ಈವರೆಗೆ ಸಿಕ್ಕಿಲ್ಲ.