ರಾಬಿನ್ ಹುಡ್: ವ್ಯಕ್ತಿಯ ಬೆನ್ನಟ್ಟಿ ಕೇಳುಗರತ್ತ

ರಿಚರ್ಡ್ ದೊರೆಯ ಕಾಲದಲ್ಲಿ ಶೆರ್ವುಡ್ ಕಾಡಿನಲ್ಲಿದ್ದು, ಉಳ್ಳವರನ್ನು ದೋಚಿ ಇಲ್ಲದವರಿಗೆ ಹಂಚಿದ ಬಿಲ್ಲುಗಾರ: ಇಂದು ಎಲ್ಲರೂ ಬಲ್ಲ ರಾಬಿನ್ ಹುಡ್ ಇವನು. 1500ರ ಆಸುಪಾಸಿನಲ್ಲಿ ಅಚ್ಚಾದ 'ಎ ಗೆಸ್ಟ್ ಆಫ್ ರಾಬಿನ್ ಹೋಡ್' ಎಂಬ ದೀರ್ಘ ಲಾವಣಿಯಲ್ಲಿ ಕಾಣುವವನೇ ಬೇರೆ. ಅಲ್ಲಿ ಅವನ ನೆಲೆ ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್, ದೊರೆ ಎಡ್ವರ್ಡ್. ಅವನು 400 ಪೌಂಡ್ ಸಾಲ ಕೊಡುವುದು ರೈತನಿಗಲ್ಲ, ಜಮೀನು ಕಳೆದುಕೊಳ್ಳಲಿದ್ದ ಒಬ್ಬ ನೈಟ್‌ಗೆ. ಅವನು ಇವನಾದದ್ದು ಹೇಗೆ ಎಂಬುದನ್ನು ವಿದ್ವಾಂಸರು ಇನ್ನೂರು ವರ್ಷಗಳಿಂದ ಶೋಧಿಸುತ್ತ ಬಂದಿದ್ದಾರೆ.

ರಾಬಿನ್ ಹುಡ್‌ನ ಹಾಡುಗಳ ಮೊದಲ ಉಲ್ಲೇಖ ಸಿಗುವುದು 1377ರ ಸುಮಾರಿನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ. ಅವನನ್ನು ರಿಚರ್ಡ್‌ನ ಕಾಲಕ್ಕೆ ತಂದವನು 1521ರಲ್ಲಿ ಚರಿತ್ರೆ ಬರೆದ ಸ್ಕಾಟ್ಲೆಂಡಿನ ಜಾನ್ ಮೇಜರ್. 1598ರಲ್ಲಿ ನಾಟಕಕಾರ ಆಂಟನಿ ಮಂಡೇ ಅವನನ್ನು ಹಂಟಿಂಗ್ಟನ್ನಿನ ಅರ್ಲ್ ಮಾಡಿದ. ಲಾವಣಿಗಳ ಸಾಮಾನ್ಯ ಯೋಮನ್, ಅಂದರೆ ಕುಲೀನನಲ್ಲದ ಸ್ವತಂತ್ರ ಮನುಷ್ಯ, ಹೀಗೆ ಸಿರಿವಂತ ಮನೆತನದವನಾದ.

ಹಾಡುಗಳನ್ನು ಶ್ರದ್ಧೆಯಿಂದ ಒಟ್ಟುಗೂಡಿಸಿದ ಶ್ರೇಯಸ್ಸು ಜೋಸೆಫ್ ರಿಟ್ಸನ್‌ಗೆ ಸಲ್ಲಬೇಕು. ಫ್ರಾನ್ಸಿನ ಕ್ರಾಂತಿಯನ್ನು ಮೆಚ್ಚಿದ್ದ ಈತ 1795ರ ತನ್ನ ಸಂಕಲನದ ಪೀಠಿಕೆಯಲ್ಲಿ ರಾಬಿನ್‌ನನ್ನು ದಬ್ಬಾಳಿಕೆಯ ವಿರುದ್ಧ ನಿಂತ ವೀರನಾಗಿ ಚಿತ್ರಿಸಿದ. 1819ರ ಕೊನೆಯಲ್ಲಿ ಹೊರಬಂದ ವಾಲ್ಟರ್ ಸ್ಕಾಟನ 'ಐವನ್‌ಹೋ' ಕಾದಂಬರಿ ಈ ಕಥೆಯನ್ನು ಸ್ಯಾಕ್ಸನ್ನರು ಮತ್ತು ನಾರ್ಮನ್ನರ ವೈರದ ನಡುವೆ ಇಟ್ಟಿತು. ಜೋಸೆಫ್ ಹಂಟರ್ ದಫ್ತರಗಳನ್ನು ಜಾಲಾಡಿ, ಎರಡನೆಯ ಎಡ್ವರ್ಡನ ಸೇವಕರಲ್ಲಿ ಆ ಹೆಸರಿನವನೊಬ್ಬನನ್ನು ಪತ್ತೆಹಚ್ಚಿ 1852ರಲ್ಲಿ ಪ್ರಕಟಿಸಿದ. ಇವನೇ ರಾಬಿನ್ ಎಂಬುದನ್ನು ಅಮೆರಿಕದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಒಪ್ಪಲಿಲ್ಲ. ತನ್ನ ಮಹಾಸಂಪುಟಗಳಲ್ಲಿ ರಾಬಿನ್‌ನ 38 ಲಾವಣಿಗಳಿಗೆ ಜಾಗ ಕೊಟ್ಟ ಅವನ ಪ್ರಕಾರ, ಈ ನಾಯಕ ಹಾಡುಗಾರರ ಸೃಷ್ಟಿ.

ವ್ಯಕ್ತಿಯೋ ಕಲ್ಪನೆಯೋ ಎಂಬ ಈ ಜಗ್ಗಾಟಕ್ಕೆ ಹೊಸ ದಿಕ್ಕು ಸಿಕ್ಕಿದ್ದು 1958ರಲ್ಲಿ. ಲಾವಣಿಗಳಲ್ಲಿ ಇತಿಹಾಸಕಾರ ರಾಡ್ನಿ ಹಿಲ್ಟನ್ ರೈತರ ಅಸಮಾಧಾನವನ್ನು ಕಂಡರು. 1960ರಲ್ಲಿ ಜೆ. ಸಿ. ಹೋಲ್ಟ್ ಅದನ್ನು ಎದುರಿಸಿ, ಇವು ಜಮೀನ್ದಾರರ ಮನೆಗಳ ಸಭಾಂಗಣದಲ್ಲಿ ಬೆಳೆದ ಹಾಡುಗಳೆಂದರು. ರೈತರ ಪರ ವಾದದೊಂದಿಗೆ 1961ರಲ್ಲಿ ಪುಸ್ತಕ ಬರೆದ ಮಾರಿಸ್ ಕೀನ್, ಮುಂದೆ ತಮ್ಮ ನಿಲುವನ್ನೇ ಬದಲಿಸಿಕೊಂಡರು. ಈ ಶೋಧದ ಅತಿ ಫಲವತ್ತಾದ ಘಟ್ಟ ಇದೇ. ಅವನು ಯಾರು ಎಂಬುದರ ಜೊತೆಗೆ, ಅವನ ಕಥೆಗೆ ಕಿವಿಗೊಟ್ಟವರು ಯಾರು ಎಂಬ ಪ್ರಶ್ನೆಯೂ ಇಲ್ಲಿ ಗಟ್ಟಿಯಾಗಿ ಎದ್ದು, ಒಂದು ಸಮಾಜದ ಆಸೆ, ಸಿಟ್ಟುಗಳೇ ಅಧ್ಯಯನದ ವಸ್ತುವಾದವು.

1976ರಲ್ಲಿ ಡಾಬ್ಸನ್ ಮತ್ತು ಟೇಲರ್ ಮೂಲಪಾಠಗಳನ್ನು ವಿಸ್ತಾರವಾದ ಪೀಠಿಕೆಯೊಂದಿಗೆ ಸಂಪಾದಿಸಿದರು. 1982ರಲ್ಲಿ ಹೋಲ್ಟ್ ಅವರ 'ರಾಬಿನ್ ಹುಡ್' ಬಂತು. ಎರಡು ವರ್ಷಗಳ ನಂತರ ಡೇವಿಡ್ ಕ್ರುಕ್ ಒಂದು ಮಹತ್ವದ ದಾಖಲೆಯನ್ನು ಮುಂದಿಟ್ಟರು: ತಲೆಮರೆಸಿಕೊಂಡಿದ್ದ ವಿಲಿಯಂ ಎಂಬವನನ್ನು 1262ರಲ್ಲಿ ಗುಮಾಸ್ತನೊಬ್ಬ 'ರೋಬ್‌ಹೋಡ್' ಎಂದು ದಾಖಲಿಸಿದ್ದ. ಅಂದರೆ ಆ ಹೊತ್ತಿಗಾಗಲೇ ಅದು ಕಳ್ಳಕಾಕರಿಗೆ ಅಂಟಿಸುವ ಹೆಸರಾಗಿತ್ತು ಎನ್ನಲು ಬಲವಾದ ಆಧಾರವಿದೆ. ಸ್ಟೀಫನ್ ನೈಟ್ 1994 ಮತ್ತು 2003ರ ಕೃತಿಗಳಲ್ಲಿ ಲಾವಣಿಯಿಂದ ಸಿನಿಮಾದವರೆಗೆ ಕಥೆಯ ರೂಪಾಂತರಗಳನ್ನು ಹಿಂಬಾಲಿಸಿದರು. ಎ. ಜೆ. ಪೊಲಾರ್ಡ್ 2004ರಲ್ಲಿ ಆ ಕಥೆಯನ್ನು ಹದಿನೈದನೆಯ ಶತಮಾನದ ಬದುಕಿನೊಳಗೆ ಇಟ್ಟು ಓದಿದರು.

ಹೊಸ ಓದುಗರು ಡಾಬ್ಸನ್–ಟೇಲರ್‌ರಿಂದ ಶುರುಮಾಡುವುದು ಒಳ್ಳೆಯದು. ಮೊದಲು ಲಾವಣಿಗಳನ್ನೇ ಓದಿಕೊಂಡರೆ, ರಿಟ್ಸನ್ ಅವುಗಳಲ್ಲಿ ಕ್ರಾಂತಿಯನ್ನೂ ಸ್ಕಾಟ್ ಜನಾಂಗದ ಕಲಹವನ್ನೂ ಹಿಲ್ಟನ್ ರೈತರ ಸಿಟ್ಟನ್ನೂ ಕಂಡದ್ದು ಎಷ್ಟು ಸರಿ ಎಂಬುದನ್ನು ತಾವೇ ತೂಗಿ ನೋಡಬಹುದು. ನಾಳೆ ಯಾವುದೋ ದಫ್ತರದಲ್ಲಿ ನಿಜವಾದ ರಾಬಿನ್ ಸಿಕ್ಕರೂ, ಏಳು ಶತಮಾನಗಳ ಜನ ಅವನನ್ನು ಏಕೆ ಬಯಸಿದರು ಎಂಬುದಕ್ಕೆ ಉತ್ತರವನ್ನು ಈ ಪುಸ್ತಕಗಳಲ್ಲೇ ಹುಡುಕಬೇಕು.